ಗುಡಿಸಲು ಕಾಣದ ಚಿತ್ರ

ಮಾನ್ಯ ಅರಣ್ಯಾಧಿಕಾರಿಗಳೇ,

ಒಂಬತ್ತು ಗುಡಿಸಲುಗಳನ್ನು ಇಲ್ಲವಾಗಿಸಲು ತಮಗೆ ಒಂದೇ ಒಂದು ಜಲವರ್ಣ ಚಿತ್ರ ಸಾಕಾಯಿತು. ಬೆಂಕಿ ಆಮೇಲೆ ಬಂತು. ಆ ಚಿತ್ರವನ್ನು ತಮ್ಮ ಕೈಗಿತ್ತ ಪಾಪಿ ನಾನೇ ಆದ್ದರಿಂದ, ಊರೆಲ್ಲ ಓದಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಯಳಂದೂರಿನ ಮೇಲಿನ ಕಾಡಿನಲ್ಲಿ ಒಂಬತ್ತು ಗುಡಿಸಲುಗಳ ಹಟ್ಟಿ, ಸೋಲಿಗರ ಪೋಡು; ಅಲ್ಲಿಯವನು ಜಡೆಮಾದ. ಸಂತೆಗೆ ಜೇನು ತಂದಾಗಲೆಲ್ಲ ನನ್ನ ಡ್ರಾಯಿಂಗ್ ಕ್ಲಾಸಿನ ಕಿಟಕಿಯಲ್ಲಿ ನಿಂತು ನೋಡಿಯೇ ಬಣ್ಣ ಕಲಿತ. ನಾನು ಬರೆಯುತ್ತಿದ್ದುದು ಕ್ಯಾಲೆಂಡರಿನ ಬೆಟ್ಟ. ಅವನು ಬರೆದದ್ದು ಅವನ ಬೆಟ್ಟ. ಚಂದ ಕಾಣಲಿ, ಆ ಮರವನ್ನು ಎರಡು ಬೆರಳು ಪಕ್ಕಕ್ಕಿಡು ಎಂದೆ ಒಮ್ಮೆ. "ಆಗಕಿಲ್ಲ ಸಾ. ಅದರ ಬುಡದಾಗೆ ನಮ್ಮಜ್ಜ ಮಲಗವ್ನೆ. ಈ ಬಂಡೆ ನಮ್ಮ ದೇವ್ರು" ಎಂದ. ಅಂದಿನಿಂದ ಅವನ ಚಿತ್ರ ತಿದ್ದುವುದನ್ನು ಬಿಟ್ಟೆ.

ಕಳೆದ ವರ್ಷ ಆ ಕಾಡನ್ನು ಪ್ರಾಣಿಗಳಿಗೆಂದು ಮೀಸಲಿಟ್ಟರು. ಪೋಡಿನ ಜನ ಮೊದಲಿಂದಲೂ ಅಲ್ಲೇ ಇದ್ದರೆಂಬುದಕ್ಕೆ ತಾವು ದಾಖಲೆ ಕೇಳಿದಿರಿ. ಕಾಗದ ಪತ್ರ ಅವರಲ್ಲೆಲ್ಲಿಂದ ಬರಬೇಕು? ಮಹಾ ಬುದ್ಧಿವಂತನಾದ ನಾನು, ಹತ್ತು ವರ್ಷದ ಹಿಂದೆ ಜಡೆಮಾದ ತಾರೀಖು ಹಾಕಿ ಬರೆದಿದ್ದ ಚಿತ್ರವನ್ನು ಕೊಳ್ಳೇಗಾಲದ ವಿಚಾರಣೆಗೆ ತಂದೆ. ತಾವು ಕನ್ನಡಕ ಏರಿಸಿ ನೋಡಿದಿರಿ.

"ಬೆಟ್ಟ ಇದೆ, ಬಂಡೆ ಇದೆ, ಮರ ಇದೆ. ಗುಡಿಸಲು ಎಲ್ರೀ ಮೇಷ್ಟ್ರೇ?"

ಗುಮಾಸ್ತರೆಲ್ಲ ನಕ್ಕರು. ಜಡೆಮಾದ ಕೈಮುಗಿದು ಹೇಳಿದ: "ನಮ್ಮ ಗುಡ್ಲು ಬಾಗ್ಲಾಗೆ ಕುಂತ್ಕಂಡು ಬರ್ದಿವ್ನಿ ಸಾ. ಕುಂತಿರೋ ಗುಡ್ಲು ಎಂಗ್ ಕಾಣ್ತದೆ?"

‘ಅರ್ಜಿದಾರನ ಚಿತ್ರದಲ್ಲೇ ಜನವಸತಿ ಇರುವುದಿಲ್ಲ’ ಎಂದು ಬರೆದು ತಾವು ರುಜು ಹಾಕಿದಿರಿ. ಎಂಥ ನ್ಯಾಯ ಸ್ವಾಮಿ! ತಮ್ಮ ಮುಖವೂ ತಮಗೆ ಕಾಣುವುದಿಲ್ಲ. ಹಾಗೆಂದು ತಮಗೆ ಮುಖವಿಲ್ಲವೆನ್ನೋಣವೇ? ಗುಡಿಸಲು ಸುಟ್ಟು, ಜನರನ್ನು ರಸ್ತೆ ಬದಿಯ ತಗಡಿನ ಶೆಡ್ಡಿಗೆ ತಳ್ಳಿ, ಅದೇ ಚಿತ್ರಕ್ಕೆ ಕಟ್ಟು ಹಾಕಿಸಿ ಅತಿಥಿಗೃಹದಲ್ಲಿ ತೂಗುಹಾಕಿದ ಮೇಲೆ, ಆ ಅನುಮಾನ ನನಗೇನೋ ಬಂದಿದೆ.

ಮೊನ್ನೆ ತಮ್ಮ ಜವಾನ ಶೆಡ್ಡಿಗೆ ಬಂದಿದ್ದ. ದೊಡ್ಡವರು ಬರುವವರಿದ್ದಾರಂತೆ, ಅದೇ ನೋಟವನ್ನು ದೊಡ್ಡದಾಗಿ ಬರೆದುಕೊಡಬೇಕಂತೆ. ಹುಟ್ಟಿದ ಜಾಗಕ್ಕೆ ಹೋಗಲು ಜಡೆಮಾದನಿಗೆ ಒಂದು ದಿನದ ಪಾಸು! ನಾನು ಬೇಡವೆಂದೆ. ಅವನು ಹೋದ. ಸುಟ್ಟ ಬಾಗಿಲಿನ ಜಾಗದಲ್ಲಿ, ಈ ಸಲ ಬೆಟ್ಟಕ್ಕೆ ಬೆನ್ನು ಹಾಕಿ ಕುಳಿತು ಬರೆದ. ಹಾಳೆಯ ತುಂಬ ಒಂಬತ್ತು ಕಪ್ಪು ಮಚ್ಚೆ.

ಆ ಚಿತ್ರ ಈ ಪತ್ರದ ಜೊತೆಗಿದೆ. ತಾವು ಕೇಳಿದ ಗುಡಿಸಲುಗಳು ಅದರಲ್ಲಿವೆ, ಎಣಿಸಿಕೊಳ್ಳಿ. ದಾಖಲೆಯೆಂದು ಸ್ವೀಕರಿಸಿ, ಆಜ್ಞೆ ರದ್ದುಮಾಡಿ, ಅವರನ್ನು ಮನೆಗೆ ಬಿಡಿ.

ಇಂತಿ,
ಸಾಕ್ಷಿ ಹೇಳಲು ಹೋಗಿ ಮನೆ ಸುಡಿಸಿದ
ಶಿವನಂಜಯ್ಯ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು
ಯಳಂದೂರು, 1975