ಬರೆಯ ಕೆಳಗಿನ ಹೃದಯ

ಗಡಹಿಂಗ್ಲಜ,
೧೪ ಫೆಬ್ರುವರಿ ೧೯೮೮

ಇಚಲಕರಂಜಿಯ ಬೀಗಿತಿ ಅಕ್ಕವ್ವನವರಿಗೆ ಬಾಳಕ್ಕನ ಜಯ ಜಿನೇಂದ್ರ.

ಕ್ಷೇಮ ವಿಚಾರಿಸುವ ಸಾಲನ್ನು ಬಿಟ್ಟಿದ್ದೇನೆ. ಮಗ್ಗಗಳು ನಡೆಯುತ್ತಿರುವವರೆಗೆ ಲೋಕವೆಲ್ಲ ಕ್ಷೇಮವೆಂದು ತಿಳಿಯುವವರು ನೀವು.

ನಿನ್ನೆ ನಿಮ್ಮ ಮೈದುನ ಪಾರೀಸ ಬಂದು, ನಮ್ಮ ಚಹಾ ಕುಡಿದು, ನಿಮ್ಮ ಮಾತನ್ನು ಒಪ್ಪಿಸಿದರು. "ಎದ್ಯಾಗ ಐಬ ಇದ್ದ ಕೂಸು ನಮ್ಮ ವಂಶದಾಗ ಹುಟ್ಟಿಲ್ಲ. ಐಬ ನಿಮ್ಮ ಕಡೀದು. ತಾಯಿ ಮಗಳು ಇಲ್ಲೇ ಇರ್ಲಿ ಅಂತ ವೈನಿ ಹೇಳ್ಯಾರ್ರಿ." ಎರಡು ಕಡೆ ತಡವರಿಸಿದರು. ಸಾಲೆಯಲ್ಲಿ ನನ್ನ ನಾಲ್ಕನೆಯ ಇಯತ್ತೆಯ ಮಕ್ಕಳು ಇದಕ್ಕಿಂತ ಚೆನ್ನಾಗಿ ಬಾಯಿಪಾಠ ಒಪ್ಪಿಸುತ್ತಿದ್ದರು. ನನ್ನ ಮಗಳು ತ್ರಿಶಲಾ ಒಳಕೋಣೆಯಲ್ಲಿ ಕೂಸಿಗೆ ಹಾಲೂಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನೀವು ಬಂದಿದ್ದಿರಿ. ಅದು ಮೊಲೆ ಬಿಟ್ಟು ಬಿಟ್ಟು ಏದುಸಿರು ಎಳೆಯುತ್ತಿತ್ತು. ನಾನು ಪಡಸಾಲೆಯಲ್ಲಿ ಬಡಿಸುತ್ತಿದ್ದಾಗ ನೀವು ಬಾಗಿಲು ಮುಂದೆ ಮಾಡಿಕೊಂಡು, ಬಳೆಯ ಚೂರನ್ನು ಕೆಂಡದಲ್ಲಿ ಕಾಯಿಸಿ, ನಿಮ್ಮದೇ ಮೊಮ್ಮಗಳ ಎದೆಗೆ ಬರೆ ಎಳೆದಿರಿ. ಚೀರು ಕೇಳಿ ಓಡಿಬಂದ ನನಗೆ ಬುದ್ಧಿ ಹೇಳಿದಿರಿ: "ಗಾಬರಿ ಯಾಕ ಆಗ್ತೀರಿ ಬಾಯಾರ? ಉಬ್ಬಸಕ್ಕ ಇದs ಔಷಧ. ಸಾಲಿ ಪುಸ್ತಕದಾಗ ಇರೂದಿಲ್ರಿ ಇದು." ನೆರೆದ ಹೆಂಗಸರು ನಕ್ಕರು. ಅಜ್ಞಾನಕ್ಕೆ ಸಭಿಕರ ಕೊರತೆ ಎಂದೂ ಇಲ್ಲ.

ಇಲ್ಲಿಯ ವೈದ್ಯರು ನಮ್ಮನ್ನು ಕೊಲ್ಹಾಪುರಕ್ಕೆ ಕಳುಹಿಸಿದರು. ಅಲ್ಲಿ ಒಬ್ಬರಲ್ಲಿ ಹೊಸ ಯಂತ್ರವಿದೆ. ಕಿವಿಗೆ ಕೇಳಿಸದ ಧ್ವನಿಯನ್ನು ಎದೆಯೊಳಗೆ ಕಳುಹಿಸಿ, ಮರಳುವ ಪ್ರತಿಧ್ವನಿಯಿಂದ ಹೃದಯದ ಚಿತ್ರವನ್ನು ಮೂಡಿಸುತ್ತದೆ. ಸುದ್ದಿ ತಿಳಿದು ನೀವು, "ಹುಟ್ಟಿದ್ದು ಹೆಣ್ಣಂತ ಊರಿಗೆಲ್ಲ ಗೊತ್ತೈತಿ, ಇನ್ಯಾಕ ಸೋನೋಗ್ರಾಫಿ?" ಎಂದಿರಂತೆ. ಅಂಥ ಯಂತ್ರಕ್ಕೆ ಬೇರೊಂದು ಉಪಯೋಗವಿರಬಹುದೆಂದು ನಿಮ್ಮ ಮನೆಯಲ್ಲಿ ಯಾರಿಗೂ ತೋಚದಿರುವುದು ನನಗೆ ಆಶ್ಚರ್ಯವಲ್ಲ.

ಯಂತ್ರದ ಹಿಡಿಕೆಯನ್ನು ಇಡಬೇಕಾದ ಜಾಗದಲ್ಲಿಯೇ ನಿಮ್ಮ ಔಷಧ ಕೀವುಗಟ್ಟಿತ್ತು. ವೈದ್ಯರು ಹಿಡಿಕೆಯನ್ನು ಹಿಂದೆಗೆದುಕೊಂಡು, ಪಕ್ಕೆಲುಬುಗಳ ಕೆಳಗೆ, ಹೊಟ್ಟೆಯ ಮೇಲೆ ತಣ್ಣನೆಯ ಲೋಳೆಯನ್ನು ಸವರಿ, ಅಲ್ಲಿಂದ ಮೇಲ್ಮುಖವಾಗಿ ನೋಡಿದರು. ಪರದೆಯ ಮೇಲೆ ಬೂದುಬಣ್ಣದ ಪುಟ್ಟ ಮುಷ್ಟಿಯೊಂದು ಬಿಗಿಯುತ್ತ, ಸಡಿಲುತ್ತ ಇತ್ತು. ಒಳಗಿನ ಗೋಡೆಯಲ್ಲಿ ರಂಧ್ರವಿದೆ ಎಂದರು. ಆದರೂ ಹೃದಯ ಬಲವಾಗಿಯೇ ದುಡಿಯುತ್ತಿದೆ, ಔಷಧ ಕೊಟ್ಟು ಕಾಯೋಣ, ಮುಚ್ಚದಿದ್ದರೆ ಮುಂಬಯಿಯಲ್ಲಿ ಶಸ್ತ್ರಕ್ರಿಯೆ ಉಂಟು ಎಂದರು.

"ಉಳೀತೈತೇನ್ರಿ?" ಎಂದಳು ತ್ರಿಶಲಾ.

"ಉಳೀತೈತಿ ತಂಗಿ. ಮತ್ತ ಸುಡಬ್ಯಾಡ್ರಿ, ಅಷ್ಟ."

ಆದ್ದರಿಂದ ಮಗಳು, ಮೊಮ್ಮಗಳು ಇಲ್ಲಿಯೇ ಇರುವರು. ನಿಮ್ಮ ಅಪ್ಪಣೆಯಿಂದಲ್ಲ, ನನ್ನ ನಿರ್ಧಾರದಿಂದ. ತ್ರಿಶಲಾ ಮಾತ್ರ ತನ್ನ ಮನೆಗೆ ಹೋಗುತ್ತೇನೆ ಎನ್ನುತ್ತಾಳೆ. ಇಷ್ಟಾದ ಮೇಲೂ ಅವಳು ಆ ಮನೆಯನ್ನು ತನ್ನದೆನ್ನುವುದು ನಾನು ಕಲಿಸಿದ ಪಾಠವಲ್ಲ.

ಇತಿ,
ನಿಮ್ಮ ಬೀಗಿತನದಲ್ಲಿ ಯಾವ ಹೆಮ್ಮೆಯೂ ಉಳಿಯದ,
ಬಾಳಕ್ಕ
ನಿವೃತ್ತ ಮುಖ್ಯಾಧ್ಯಾಪಿಕೆ

ತಾ.ಕ.: ನೂಲು ತರುವ ನೆಪ ಹೇಳಿ ನಿಮ್ಮ ಮಗ ಸುಕುಮಾರ ಅಂದು ಕೊಲ್ಹಾಪುರಕ್ಕೆ ಬಂದಿದ್ದರು. ಕೂಸಿನ ಗಾಯವನ್ನು ಕಂಡು, ಅಂಗಿಯ ಗುಂಡಿ ಬಿಚ್ಚಿ ತಮ್ಮ ಎದೆಯ ಹಳೆಯ ಕಲೆಯನ್ನು ವೈದ್ಯರಿಗೆ ತೋರಿಸಿದರು: "ಸಣ್ಣಾಂವ ಇದ್ದಾಗ ನನಗೂ ಉಬ್ಬಸ ಇತ್ತಂತ್ರಿ. ಅವ್ವನs ಸುಟ್ಟಾಳ." ವೈದ್ಯರು ಅವರನ್ನೂ ಮೇಜಿನ ಮೇಲೆ ಮಲಗಿಸಿದರು. ಅದೇ ಗೋಡೆ, ಅದೇ ರಂಧ್ರ, ಮಗಳದಕ್ಕಿಂತ ದೊಡ್ಡದು. ಮುಂಬಯಿಗೆ ಮೊದಲು ಹೋಗಬೇಕಾದವರು ಅವರೇ. ನಿಮಗೆ ಹೇಳುವ ಧೈರ್ಯ ಅವರಿಗೆ ಆಗಿಲ್ಲ. ಬರುವ ೨೨ರ ಸೋಮವಾರ ಮುಂಬಯಿಗೆ ಹೊರಡುತ್ತೇವೆ. ನೀವೂ ಜೊತೆಗೆ ಬರಬೇಕೆಂಬುದು ತ್ರಿಶಲಾಳ ಮಾತು, ನನ್ನದಲ್ಲ.