ಕೊನೆಯ ರೈಡ್

ಜಯನಗರ, ಬೆಂಗಳೂರು
೧೬ ಮಾರ್ಚ್ ೨೦೨೫

ಪ್ರೀತಿಯ ಮೌನೇಶ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಮೊದಲು ಬೈದುಬಿಡು, ಆಮೇಲೆ ಓದು. ಮೂವತ್ತು ವರ್ಷ ದಿನಕ್ಕೆ ಮೂರು ವರದಿ ಬರೆದವನಿಗೆ ಒಂದು ಕಾಗದ ಬರೆಯಲು ಕೈ ಬರಲಿಲ್ಲ. ಮಂಡಿ ಆಪರೇಷನ್ ಆದಮೇಲೆ ನಡೆದಾಡುತ್ತಿದ್ದೀಯ ಎಂದು ತಿಳಿದು ಸಮಾಧಾನವಾಯಿತು. ಫೋಟೊ ಫೋಟೊ ಎಂದು ಮೈದಾನದ ಅಂಚಿನಲ್ಲಿ ಮಂಡಿಯೂರಿದ್ದೇನು ಕಮ್ಮಿಯೇ, ಅನುಭವಿಸು. ಇಲ್ಲಿ ವಿಜಯಲಕ್ಷ್ಮಿಯ ಸಕ್ಕರೆ ಹತೋಟಿಯಲ್ಲಿದೆ, ನಾಲಿಗೆ ಇಲ್ಲ.

ಯೂನಿವರ್ಸಿಟಿಯಲ್ಲಿ ಪತ್ರಿಕೋದ್ಯಮದ ಪಾಠ ಹೇಳುವುದನ್ನು ಬಿಟ್ಟೆ. ಹೋದ ವಾರ ಶಾಲು, ಹಾರ, ಮೈಸೂರು ಪೇಟ ಎಲ್ಲ ಆಯಿತು. ಕಣ್ಣಾರೆ ಕಾಣದ್ದನ್ನು ಒಂದು ಸಾಲೂ ಬರೆಯದವರು ಎಂದು ವಿಭಾಗದ ಮುಖ್ಯಸ್ಥರು ಹೊಗಳಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಯಾಕೆ ಬಿಟ್ಟೆ ಎಂದು ನಿನಗೊಬ್ಬನಿಗೆ ಹೇಳುತ್ತೇನೆ.

ಸಾರಕ್ಕಿಯ ಪಂಕಜಾ ನೆನಪಿದ್ದಾಳಾ? ತೊಂಬತ್ನಾಲ್ಕರಲ್ಲಿ ನಾವಿಬ್ಬರೂ ಹೋಗಿದ್ದ ಮಹಿಳಾ ಕಬಡ್ಡಿ ಫೈನಲ್. ಜಿಲ್ಲೆಗಳಿಗೆ ಹೋಗುವ ಪೇಪರಿಗೆ ಏಳು ಗಂಟೆಯೊಳಗೆ ಸುದ್ದಿ ಕೊಡಬೇಕಿತ್ತು. ಇನ್ನೆರಡು ನಿಮಿಷದ ಆಟ ಇರುವಾಗಲೇ ನಾನು ಹೊರಗಿನ ಎಸ್‌ಟಿಡಿ ಬೂತಿಗೆ ಓಡಿದೆ. ಅಲ್ಲಿ ಕ್ಯೂ. ನನ್ನ ಸರದಿ ಬರುವಷ್ಟರಲ್ಲಿ ಆಟ ಮುಗಿದು ಜನ ಹೊರಬರುತ್ತಿದ್ದರು. ಏನಾಯಿತು ಎಂದು ಯಾರನ್ನೋ ಕೇಳಿದೆ. ಪಂಕಜಾ ಔಟು, ಒಂದು ಪಾಯಿಂಟಿನಲ್ಲಿ ಸೋತರು, ಹುಡುಗಿ ಹೆದರಿಬಿಟ್ಟಳು ಎಂದ. ಗೆದ್ದ ತಂಡದ ಕಡೆಯವನಿರಬೇಕು. ನಾನು ಅದಕ್ಕೇ ಒಗ್ಗರಣೆ ಹಾಕಿ ಫೋನಿನಲ್ಲಿ ಬರೆಸಿದೆ: ‘ಕೊನೆಯ ರೈಡ್‌ನಲ್ಲಿ ಹೆದರಿ ನಿಂತ ಪಂಕಜಾ ತಂಡವನ್ನು ಮುಳುಗಿಸಿದಳು.’ ಮೇಲೆ ನನ್ನ ಹೆಸರಿರಲಿಲ್ಲ, ‘ನಮ್ಮ ಕ್ರೀಡಾ ವರದಿಗಾರರಿಂದ’ ಎಂದಷ್ಟೇ ಇತ್ತು. ಡೆಸ್ಕಿನವರು ಹಾಗೆ ತಿದ್ದಿದರು ಎಂದು ಆಗ ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು.

ಈ ವರ್ಷ ಮಕ್ಕಳಿಗೆ, ಜನ ಮರೆತ ಒಬ್ಬ ಆಟಗಾರರನ್ನು ಹುಡುಕಿ ಬರೆಯಿರಿ ಎಂದಿದ್ದೆ. ಬಿಟಿಎಂನಲ್ಲಿ ರೂಮು ಮಾಡಿಕೊಂಡಿರುವ ನಿಮ್ಮ ಯಾದಗಿರಿ ಕಡೆಯ ಭಾಗ್ಯಜ್ಯೋತಿ ಪಂಕಜಾಳ ಕಥೆಯನ್ನೇ ತಂದಳು. ಪಂಕಜಾ ಈಗ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಹೊಲಿಯುತ್ತಾಳಂತೆ. ಆಟಗಾರ್ತಿ ಎಂದು ಕೆಲಸ ಕೊಡಬೇಕಿದ್ದ ಕಂಪನಿಯವರು ನಮ್ಮ ವರದಿ ಮುಂದಿಟ್ಟು ಬೇಡವೆಂದರಂತೆ. ಅಪ್ಪ ಚಿಕ್ಕಬೈರಪ್ಪ ಆಟ ಬಿಡಿಸಿ ಆ ವರ್ಷವೇ ಮದುವೆ ಮಾಡಿದನಂತೆ. “ಸರ್, ಇದನ್ನ ಬರದವ್ರು ಯಾರಂತ ಹುಡುಕ್ಲೇನ್ರಿ?” ಎಂದು ಆ ಹುಡುಗಿ ನನ್ನನ್ನೇ ಕೇಳಿದಳು.

ಏಕಪಕ್ಷೀಯವಾಗುತ್ತದೆ, ಆ ಭಾಗ ತೆಗೆ ಎಂದೆ. ಮಾರ್ಕ್ಸ್ ಕೊಡುವವನು ನಾನು. ತೆಗೆದಳು.

ಆದರೆ ನಿದ್ದೆ ಬರಲಿಲ್ಲ. ಒಂದು ಭಾನುವಾರ ಪಂಕಜಾಳ ಮನೆಗೆ ಹೋದೆ. ಭಾಗ್ಯಜ್ಯೋತಿಯ ಮೇಷ್ಟ್ರು ಎಂದಷ್ಟೇ ಹೇಳಿಕೊಂಡೆ. ಕಾಫಿ ಕೊಟ್ಟಳು. ಕೂದಲು ನರೆತಿದೆ, ಹೆಗಲು ಮಾತ್ರ ಇನ್ನೂ ಆಟಗಾರ್ತಿಯದೇ. ಆ ದಿನದ ಮಾತು ತಾನಾಗಿಯೇ ತೆಗೆದಳು.

“ಔಟಾದೆ ಅಂತ ಬರ್ದಿದ್ರೆ ಬೇಜಾರಿರ್ಲಿಲ್ಲ ಸಾರ್. ನಾಲ್ಕ್ ಜನ ಹಿಡ್ಕೊಂಡಿದ್ರೂ ಗೆರೆ ಮುಟ್ಟಿದ್ದೆ. ಅಂಪೈರ್ ಕೊಡ್ಲಿಲ್ಲ, ಹೋಗ್ಲಿ, ಆಟ. ಹೆದರ್ಕೊಂಡ್ಳು ಅಂತ ಯಾಕ್ ಬರೆದ್ರು? ನಮ್ಮಪ್ಪ ಸಾಯೋವರ್ಗೂ ನನ್ನ ಪುಕ್ಕಲಿ ಅಂತ್ಲೇ ಕರೆದ್ರು.”

ಬರೆದವನು ನಾನೇ ಎಂದು ಹೇಳಲೆಂದೇ ಹೋಗಿದ್ದವನು, ಕಾಫಿ ಕುಡಿದು ಎದ್ದು ಬಂದೆ. ನಾಚಿಕೆಯಾಗುತ್ತದೆ, ಮೌನೇಶ. ಮರುದಿನವೇ ಇನ್ನು ಪಾಠಕ್ಕೆ ಬರುವುದಿಲ್ಲ ಎಂದು ಬರೆದುಕೊಟ್ಟೆ.

ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು, ಮೊಮ್ಮಕ್ಕಳು ನೂರ್ಕಾಲ ಚೆನ್ನಾಗಿರಲಿ. ಮಂಡಿ ಜೋಪಾನ.

ನಿನ್ನ
ಕೆಂಪರಾಜು

ತಾ.ಕ.: ಪೂರ್ತಿ ಹೇಳಿಲ್ಲ. ಫೈನಲ್ ದಿನ ರಾತ್ರಿ ನೀನು ಆಗಷ್ಟೇ ತೊಳೆದ ಒದ್ದೆ ಫೋಟೊ ಹಿಡಿದು ನನ್ನ ಮೇಜಿನ ಹತ್ತಿರ ಬಂದೆ. ಬೆಂಗಳೂರಿನ ಪೇಪರಿಗೆ ಇನ್ನೂ ಸಮಯವಿತ್ತು. ಜಾಹೀರಾತು ಬಂದಿದೆ, ಜಾಗವಿಲ್ಲ ಎಂದೆ. ಯಾವ ಜಾಹೀರಾತೂ ಬಂದಿರಲಿಲ್ಲ. ಆ ಫೋಟೊ ಹಾಕಿದ್ದರೆ ನಾನು ಕೊನೆಯ ರೈಡನ್ನೇ ನೋಡಿಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಅದು ನನ್ನ ಬೀರುವಿನಲ್ಲೇ ಇದೆ. ನಾಲ್ವರು ಅವಳ ಕಾಲು, ಸೊಂಟ ಹಿಡಿದು ಎಳೆಯುತ್ತಿದ್ದಾರೆ, ಅವಳ ಬೆರಳು ನಡುಗೆರೆಯ ಮೇಲಿದೆ. ಆ ಭಾನುವಾರ ನಾನು ಹೊರಟಾಗ ಪಂಕಜಾ ಬಾಗಿಲವರೆಗೆ ಬಂದು, “ಅವತ್ತಿನ ಫೋಟೊ ಯಾರ ಹತ್ರಾನಾದ್ರೂ ಇರುತ್ತಾ ಸಾರ್? ಮಗಳಿಗೆ ಒಂದ್ಸಲ ತೋರಿಸ್ಬೇಕು” ಎಂದಳು. ಇಷ್ಟು ವರ್ಷವಾಯಿತಲ್ಲ, ಯಾರ ಹತ್ತಿರವೂ ಇರಲಾರದು ತಾಯಿ ಎಂದೆ.