ಹೆಗ್ಗದ್ದೆಯ ಪುಟ್ಟ ಹಸಿರು ಹಕ್ಕಿ

ವನಗೂರು
೨೦ ನವೆಂಬರ್ ೧೮೯೬, ಶುಕ್ರವಾರ

ಪ್ರೀತಿಯ ತಂಗಿ ರೆಜಿನಾ,

ಎರಡು ತಿಂಗಳು ಕಾಗದ ಹಾಕಲಿಲ್ಲ, ಬಯ್ಯಬೇಡ. ಆದದ್ದನ್ನು ನೇರವಾಗಿ ಹೇಳುತ್ತೇನೆ.

ನಮ್ಮ ಎಸ್ಟೇಟಿನ ದೊರೆ ಕೊಟ್ಟ ಮಾತು ಮೂರು. ಹೆಗ್ಗದ್ದೆ ಕಾಡಿನಲ್ಲಿ ಇಲ್ಲಿನ ಕೂಲಿಯಾಳು ಜವರಯ್ಯ ಹಿಡಿದ ಪುಟ್ಟ ಹಸಿರು ಹಕ್ಕಿ ಹೊಸ ಜಾತಿಯಾದರೆ ಅದಕ್ಕೆ ಅವನ ಹೆಸರು. ಅದರ ಕೂಗಿನ ವಿವರವೂ ಹಕ್ಕಿಯ ಜೊತೆ ಲಂಡನ್ನಿನ ಮ್ಯೂಸಿಯಮ್ಮಿಗೆ ಹೋಗುತ್ತದೆ. ಆ ಕಾಡನ್ನು ಕಾಫಿಗೆಂದು ಕಡಿಯುವುದಿಲ್ಲ. ಒಂದನ್ನೂ ಉಳಿಸಿಕೊಳ್ಳಲಿಲ್ಲ. ಜವರಯ್ಯನ ಕೇರಿಯವರು ತಲೆಮಾರುಗಳಿಂದ ಹೆಣ ಹೂಳುವುದು ಅದೇ ಕಾಡಿನಲ್ಲಿ.

ಅಲ್ಲಿ ಒಂದೇ ಬಣ್ಣದ ಎರಡು ಹಕ್ಕಿಗಳಿವೆ. ಒಂದು ‘ಚಿಸ್‌ವೀ’ ಎನ್ನುತ್ತದೆ, ಇನ್ನೊಂದು ‘ಡಿರ್-ಟೀ’. ಜವರಯ್ಯ ಕಣ್ಣು ಮುಚ್ಚಿಕೊಂಡೇ ಬೇರೆ ಮಾಡುತ್ತಾನೆ. ದೊರೆ ಅವನ್ನು ಕೊಂದು, ಹತ್ತಿ ತುಂಬಿಸಿ, ರೆಕ್ಕೆ ಕೊಕ್ಕು ಅಳೆದು ಕಳಿಸಿದ. ಲಂಡನ್ನಿನಿಂದ ಉತ್ತರ ಬಂತು: ಎರಡೂ ಒಂದೇ, ಹೆಸರಿಟ್ಟು ಎಷ್ಟೋ ಕಾಲವಾಗಿದೆ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಾನಲ್ಲವೇ, ಸ್ಟೋರಿನ ಮುಂದೆ ಅದನ್ನು ಓದಿ ಹೇಳಿದೆ. ಜವರಯ್ಯ ಕೇಳಿದ, “ಸತ್ತ ಹಕ್ಕಿ ಕೂಗ್ತದಾ ರೈಟ್ರೇ? ಅಳತೆ ಹಿಡ್ಕಂಡು ಅದ್ಯಾವ ಜಾತಿ ಅಂತ ಅದೆಂಗೆ ಹೇಳ್ಬುಟ್ರು?”

ಅವನ ಹೆಂಡತಿ ದೇವೀರಮ್ಮ ಬಿಡಲಿಲ್ಲ. “ಹೆಸರಿಕ್ಕಕೆ ಆ ದೊರೆ ಏನ್ ಹಕ್ಕಿಗೆ ಸೋದರತ್ತೆಯಾ?” ಎಂದಳು. ಎಲ್ಲರೂ ನಕ್ಕರು. ಜವರಯ್ಯ ನಗಲಿಲ್ಲ.

ನಿನ್ನೆ ಮಾರನಹಳ್ಳಿ ಕಡೆಯಿಂದ ಕಾಡು ಕಡಿಯಲು ನಲವತ್ತು ಜನ ಕೊಡಲಿಯವರು ಬಂದರು. ಗೋರಿಗಳ ಮೇಲಿನ ಮರಗಳಿಗೂ ಕಡಿಯಲೆಂದು ಸುಣ್ಣದ ಗುರುತು ಬಿದ್ದಿದೆ. ಕೂಲಿಯವರ ಲೈನಿನಲ್ಲಿ ಇವತ್ತು ಯಾರೂ ಕೆಲಸಕ್ಕೆ ಏಳಲಿಲ್ಲ. ಗಂಡಸರು ಕತ್ತಿ ಮಸೆಯುತ್ತ ಕೂತಿದ್ದಾರೆ. ದೊರೆಯ ಬಂಗಲೆಯ ಜಗಲಿಯಲ್ಲಿ ಬಂದೂಕುಗಳನ್ನು ಒರೆಸಿ ಇಟ್ಟಿದ್ದಾರೆ. ಅವು ಹಕ್ಕಿ ಹೊಡೆಯುವ ಬಂದೂಕುಗಳಲ್ಲ.

ಅಮ್ಮನಿಗೆ ಇದನ್ನು ಓದಿ ಹೇಳಬೇಡ. ದೇವಮಾತೆ ನಿನ್ನನ್ನೂ ಮಕ್ಕಳನ್ನೂ ಕಾಯಲಿ.

ನಿನ್ನ ಅಣ್ಣ
ಲಾಜರಸ್

ಮರೆತ ಮಾತಲ್ಲ, ಬರೆಯಲು ಕೈ ಬಾರದ ಮಾತು: ಪ್ರತಿ ಹಕ್ಕಿಯ ಕಾಲಿಗೆ ಕಟ್ಟಿದ ಚೀಟಿಯ ಹಿಂದೆ ಅದರ ಕೂಗನ್ನು ಜವರಯ್ಯ ಹೇಳಿದಂತೆ ನಾನೇ ಬರೆದಿದ್ದೆ. ಪೆಟ್ಟಿಗೆ ಮುಚ್ಚುವ ದಿನ ದೊರೆ, ಕನ್ನಡದ ಗೀಚು ಬೇಡ, ಚೊಕ್ಕ ಚೀಟಿ ಕಟ್ಟು ಎಂದ. ಕಟ್ಟಿದೆ. ಹಳೆಯವನ್ನು ಒಲೆಗೆ ಹಾಕಿದ್ದು ನನ್ನದೇ ಕೈ, ರೆಜಿನಾ. ಲಂಡನ್ನಿನವರಿಗೆ ಕೂಗಿನ ಸುದ್ದಿಯೇ ಮುಟ್ಟಲಿಲ್ಲ. ಬಿಚ್ಚಿ ತೆಗೆದ ಆ ಚೀಟಿಗಳು ನನ್ನ ಹತ್ತಿರ ಭದ್ರವಾಗಿವೆ ಎಂದೇ ಜವರಯ್ಯ ನಂಬಿದ್ದಾನೆ. ಹಕ್ಕಿಗಳು ಬೇರೆ ಬೇರೆ ಎಂದು ತೋರಿಸಿ ಕಾಡು ಉಳಿಸಲು, ಕೊಡಲಿಯವರ ಎದುರು, ದೊರೆಯ ಎದುರು ನಾನು ಅವನ್ನು ಓದಬೇಕಂತೆ. ಗೋರಿಗಳ ಹತ್ತಿರ ಕೇರಿಯೆಲ್ಲ ಸೇರುತ್ತದೆ: ಸೋಮವಾರ, ಬೆಳಿಗ್ಗೆ ಆರು ಗಂಟೆಗೆ.